ಐವತ್ತೊಂದು ಕೆಜಿ

ಗಂಡ ಸಿಮೆಂಟು ಮೂಟೆಗೆ ಸೀಟ್ ಬೆಲ್ಟ್ ಹಾಕುತ್ತಿದ್ದುದನ್ನು ಅವಳು ಗೇಟಿಗೆ ಒರಗಿ ನಿಂತು ನೋಡುತ್ತಿದ್ದಳು. ಕಾರಿನ ಹಿಂದಿನ ಸೀಟಿನ ಎಡಗಡೆ, ಅವಳ ಜಾಗ. ಮೂಟೆಯ ಹೊಟ್ಟೆ ಸುತ್ತಿ ಬರಲು ಬೆಲ್ಟು ಸತಾಯಿಸಿತು. ಅವನು ಮೊಣಕಾಲೂರಿ ಎಳೆದ. ಕ್ಲಿಕ್ ಎಂದಮೇಲೆ ಮೂಟೆಯ ನೆತ್ತಿಯ ಮೇಲೆ ಒಂದು ಕೆಜಿ ಮೊಳೆಯ ಪೊಟ್ಟಣ ಇಟ್ಟು, ಜಾರದಂತೆ ತಟ್ಟಿ ಕೂರಿಸಿದ.

"ಈಗ ಕರೆಕ್ಟಾಗಿ ಐವತ್ತೊಂದು," ಎಂದ.

ಅವಳ ತೂಕ ಐವತ್ತೊಂದು ಕೆಜಿ. ಆ ಮನೆಯಲ್ಲಿ ಅವಳ ಹುಟ್ಟಿದ ದಿನ ಯಾರಿಗೂ ನೆನಪಿರಲಿಲ್ಲ; ತೂಕ ಮಾತ್ರ ಎಲ್ಲರಿಗೂ ಬಾಯಿಪಾಠ.

"ಹನ್ನೊಂದು ವರ್ಷದಲ್ಲಿ ನನಗೆ ಒಂದು ಸಲ ಬೆಲ್ಟ್ ಹಾಕಿದ್ದೀರೇನ್ರೀ?"

"ನೀನು ಹೇಗೂ ಅರ್ಧದಲ್ಲೇ ಇಳಿದುಬಿಡ್ತೀಯಲ್ಲ, ಸುಮ್ನೆ ಯಾಕೆ ದಂಡಕ್ಕೆ," ಎಂದ ಗಂಡ. ತಮಾಷೆಗಲ್ಲ, ನಿಜವಾಗಿಯೇ.

ಮನೆ ಇದ್ದದ್ದು ದಿಬ್ಬದ ತುದಿಯಲ್ಲಿ. ಆ ರಸ್ತೆ ಎಷ್ಟು ಕಡಿದೆಂದರೆ, ಮೇಲಿನ ಮನೆಯಲ್ಲಿ ಕೈಜಾರಿದ ನಿಂಬೆಹಣ್ಣು ಕೆಳಗಿನ ಅಂಗಡಿಯಲ್ಲಿ ಸಿಗುತ್ತದೆ ಎಂದು ಜನ ಹೇಳುತ್ತಿದ್ದರು. ಅಂಗಡಿಯವನು ಅದನ್ನೇ ಮತ್ತೆ ಅವರಿಗೆ ಮಾರುತ್ತಿದ್ದ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಇವರ ಕಾರೋ, ಮೂರು ಸಿಲಿಂಡರಿನ ಪುಟ್ಟ ಪ್ರಾಣಿ. ಅರ್ಧ ದಿಬ್ಬ ಏರಿ ನೀರಿನ ಟ್ಯಾಂಕಿನ ತಿರುವಿಗೆ ಬಂದೊಡನೆ ಏದುಸಿರು ಬಿಡುತ್ತಿತ್ತು. ಮೂವರನ್ನು ಎಳೆಯುತ್ತಿತ್ತು, ನಾಲ್ವರನ್ನು ಎಳೆಯುತ್ತಿರಲಿಲ್ಲ. ಯಾರು ಇಳಿಯಬೇಕೆಂದು ಸಭೆ ಗಿಭೆ ಏನೂ ನಡೆದಿರಲಿಲ್ಲ. ಅತ್ತೆ ಎಂಬತ್ತೆರಡು ಕೆಜಿ, ಆದರೆ ಅವರಿಗೆ ಮಂಡಿನೋವು. ಗಂಡ ಎಪ್ಪತ್ತೊಂಬತ್ತು, ಆದರೆ ಅವನು ಓಡಿಸುವವನು. ಮೈದುನ ಭರ್ತಿ ತೊಂಬತ್ತು, ಆದರೆ ಎಂಜಿನ್ನಿನ ಸದ್ದು ಕೇಳಿ ತೊಂದರೆ ಎಲ್ಲಿದೆಯೆಂದು ಹೇಳಲು ಅವನು ಒಳಗಿರಲೇಬೇಕು. ಹೀಗೆ ಭಾರದವರೆಲ್ಲ ಕೂತು ಹಗುರದವಳು ಇಳಿಯುವುದು ವಾಡಿಕೆಯಾಯಿತು. ಅವಳು ಇಳಿದೊಡನೆ ಅತ್ತೆ ಕಿಟಕಿಯಿಂದ ತರಕಾರಿ ಚೀಲವನ್ನೂ ದಾಟಿಸುತ್ತಿದ್ದರು. "ಇದೂ ಭಾರ ತಾನೆ?"

ಅವಳಿಗೆ ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ. ಅವಳ ಕೆಲಸವೇ ಲಾರಿ ತೂಗುವ ವೇಬ್ರಿಡ್ಜಿನಲ್ಲಿ. ದೂರದಿಂದ ಬರುವ ಲಾರಿಯ ಟೈರು ನೋಡಿಯೇ ಡ್ರೈವರು ಎಷ್ಟು ಸುಳ್ಳು ಹೇಳಲಿದ್ದಾನೆಂದು ಅಂದಾಜು ಮಾಡುತ್ತಿದ್ದಳು. ಮನೆಯ ಲೆಕ್ಕವನ್ನು ಬಿಡಿಸಿ ಹೇಳಿ ಬಾಯಿ ನೋಯಿಸಿಕೊಳ್ಳುವಷ್ಟು ಬೆಲೆ ಆ ಮೂವರಿಗಿಲ್ಲ ಎಂದು ಸುಮ್ಮನಿದ್ದಳು, ಅಷ್ಟೆ.

ಈ ಬೇಸಿಗೆ ರಜೆಯಲ್ಲಿ ವಿಜ್ಞಾನದ ಮೇಷ್ಟ್ರಾದ ಗಂಡನಿಗೆ ಜ್ಞಾನೋದಯವಾಗಿತ್ತು. ಪೈಪಿನ ಅಂಗಡಿಯಲ್ಲಿ ಕೂರುವ ಮೈದುನ ಅದಕ್ಕೆ ಸಾಮಾನು ಒದಗಿಸಿದ. ಅಣ್ಣತಮ್ಮ ಇಬ್ಬರೂ ಬಾನೆಟ್ಟಿನೊಳಗೆ ತಲೆ ತೂರಿಸಿ ಎರಡು ಭಾನುವಾರ ಕಳೆದರು. ಒಳಗಿದ್ದ ತಲೆಗಳಿಗೂ ಹೊರಗೆ ಕಾಣುತ್ತಿದ್ದ ಭಾಗಗಳಿಗೂ ಬುದ್ಧಿಯ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಎಂಜಿನ್ನಿಗೆ ಮೂಗು ಕಟ್ಕೊಂಡಿದೆ ಕಣೇ," ಗಂಡ ಪಾಠ ಮಾಡಿದ. "ಸದ್ದು ಬರಬಾರದು ಅಂತ ಕಂಪನಿಯವರು ಗಾಳಿ ಎಳೆಯೋ ದಾರೀಲಿ ಈ ಡಬ್ಬಿ ಇಟ್ಟಿದ್ದಾರೆ. ಪೈಪ್ ನೋಡು, ಸಣ್ಣದು, ಮೂರು ಕಡೆ ಸೊಟ್ಟ. ಬಿಸಿ ಗಾಳಿ ಬೇರೆ ಎಳೀತಿದೆ. ಅಗಲವಾದ ಪೈಪ್ ನೆಟ್ಟಗೆ ಮುಂದಕ್ಕೆ ಬಿಟ್ಟು ತಣ್ಣನೆ ಗಾಳಿ ಕೊಟ್ರೆ, ಕಾಲಿಟ್ಟ ಕೂಡಲೇ ಚಿಮ್ಮುತ್ತೆ. ರೆಸ್ಪಾನ್ಸ್ ಅಂತಾರೆ ಅದಕ್ಕೆ."

"ನಿಮ್ಮ ತಮ್ಮನಿಗೂ ಮೂಗು ಕಟ್ಟಿದೆ, ಗೊರಕೆಗೆ ಗೋಡೆ ಅದುರುತ್ತೆ. ಮಿಕ್ಕಿದ ಪೈಪ್ ಅವನಿಗೆ ಹಾಕಿ."

"ಅತ್ತಿಗೆ, ಇದು ಸೈನ್ಸು," ಎಂದ ಮೈದುನ, ಗ್ರೀಸ್ ಮೆತ್ತಿದ ಮುಖ ಎತ್ತಿ.

"ಹೌದಪ್ಪ, ಅದಕ್ಕೇ ಅಡುಗೆಮನೇಲಿ ಟೀ ಜರಡಿ ಕಾಣ್ತಿಲ್ಲ."

ಜರಡಿ ಹೆಡ್‌ಲೈಟಿನ ಪಕ್ಕ, ಹೊಸ ಪೈಪಿನ ಬಾಯಿಗೆ ಕಟ್ಟಲ್ಪಟ್ಟಿತ್ತು. ಎಲೆ, ಹುಳ ಒಳಹೋಗಬಾರದಲ್ಲ.

ವೇಬ್ರಿಡ್ಜಿನಲ್ಲಿ ಅವಳು ಇದನ್ನು ತಮಾಷೆಗೆಂದು ಒಬ್ಬ ಬಿಳಿಮೀಸೆಯ ಲಾರಿ ಡ್ರೈವರಿಗೆ ಹೇಳಿದಳು. ಅವನು ನಗಲಿಲ್ಲ. "ಓಡೋವಾಗ ಜೋರಾಗೇ ಓಡುತ್ತಮ್ಮ. ನಿಂತಲ್ಲಿಂದ ಏಳೋವಾಗ ಮಾತ್ರ ದಮ್ಮಿರಲ್ಲ. ದಿಬ್ಬದಲ್ಲಿ ನಿಲ್ಲಿಸ್ಬೇಡಿ ಅನ್ನಿ," ಎಂದ. ಅವಳು ಮನೆಯಲ್ಲಿ ಅನ್ನಲಿಲ್ಲ. ಕೇಳಿದವರಿಗೆ ತಾನೆ ಹೇಳುವುದು.

ಮೂಟೆಗೆ ಬೆಲ್ಟ್ ಹಾಕಿದ ಆ ದಿನ, ಹೊಸ ಪೈಪಿನ ಪರೀಕ್ಷೆಗೆಂದು ಅತ್ತೆ, ಗಂಡ, ಮೈದುನ ಮತ್ತು ಮೂಟೆ ದಿಬ್ಬ ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಬಸ್ಸು ಬರುವಂಥ ಸದ್ದು ಕೇಳಿತು. ಬಂದದ್ದು ಇವರ ಕಾರೇ. ತಿರುವನ್ನು ಒಂದೇ ಉಸಿರಿಗೆ ದಾಟಿ ಗೇಟಿನ ಮುಂದೆ ನಿಂತಿತು. ಅತ್ತೆ ಚಪ್ಪಾಳೆ ತಟ್ಟಿದರು. ಮೂಟೆ ಗಂಭೀರವಾಗಿ ಕೂತಿತ್ತು. ಅದಕ್ಕೆ ಯಾರೂ ತಿರುವಿನಲ್ಲಿ ಇಳಿಯೆಂದು ಹೇಳಿರಲಿಲ್ಲ.

ಅವಳಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ಸಿಟ್ಟೂ ಬಂತು. ಹನ್ನೊಂದು ವರ್ಷ ಆ ಮೂವರನ್ನು ಹೀಗಳೆಯಲು ಇದ್ದ ಗಟ್ಟಿ ಕಾರಣ ಒಂದು ಪ್ಲಾಸ್ಟಿಕ್ ಪೈಪಿನಲ್ಲಿ ಕೊಚ್ಚಿಹೋಗುವಂತಿತ್ತು. ಹೋದರೆ ಹೋಗಲಿ, ಒಂದು ದಿನ ಎಲ್ಲರ ಹಾಗೆ ಮನೆ ಬಾಗಿಲಲ್ಲಿ ಇಳಿಯಬೇಕು ಎಂದುಕೊಂಡಳು. ಮುಂದಿನ ಭಾನುವಾರ ಮಾರ್ಕೆಟ್ಟಿಗೆ ಹೊರಟಾಗ ಎತ್ತರ ಹಿಮ್ಮಡಿಯ ಚಪ್ಪಲಿಯನ್ನು ಡಬ್ಬಿಯಿಂದ ತೆಗೆದು ಹಾಕಿಕೊಂಡಳು. ಅದರಲ್ಲಿ ಆ ದಿಬ್ಬ ಹತ್ತಲು ಯಾರಿಂದಲೂ ಸಾಧ್ಯವಿರಲಿಲ್ಲ.

ವಾಪಸು ಬರುವಾಗ ಕಾರು ಗರ್ಜಿಸುತ್ತ ದಿಬ್ಬಕ್ಕೆ ನುಗ್ಗಿತು.

"ನೋಡಿದ್ಯಾ ರೆಸ್ಪಾನ್ಸು!" ಗಂಡ ಕೂಗಿದ.

ಅವಳು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡಳು. ಟ್ಯಾಂಕು ಹತ್ತಿರ ಬಂತು. ಎಂಜಿನ್ನು ಬಗ್ಗಲಿಲ್ಲ, ಏದುಸಿರು ಬಿಡಲಿಲ್ಲ. ತಿರುವು ಬಂತು. ಕಾರು ನಿಂತಿತು.

ನಿಲ್ಲಿಸಿದ್ದು ಎಂಜಿನ್ನಲ್ಲ, ಗಂಡನ ಕಾಲು. ಅವನ ಕೈ ಆಗಲೇ ಹ್ಯಾಂಡ್‌ಬ್ರೇಕ್ ಎಳೆದಿತ್ತು. ಮುಂದೆ ಅತ್ತೆ ಚೀಲವನ್ನು ಕಿಟಕಿಗೆ ಎತ್ತಿದ್ದರು. ಪಕ್ಕದಲ್ಲಿದ್ದ ಮೈದುನ ಕೈಚಾಚಿ ಅವಳ ಬಾಗಿಲು ತೆಗೆದಿದ್ದ. ಅವಳ ಎಡಗಾಲು, ಎತ್ತರ ಹಿಮ್ಮಡಿಯ ಸಮೇತ, ರಸ್ತೆಯ ಮೇಲಿತ್ತು. ಅವಳು ಆ ಕಾಲನ್ನೇ ನೋಡಿದಳು. ಮೂವರಿಗೆಂದು ಎತ್ತಿಟ್ಟಿದ್ದ ತಾತ್ಸಾರದಲ್ಲಿ ಒಂದು ಪಾಲು ಅದಕ್ಕೂ ಸಂದಿತು.

"ಅಯ್ಯೋ, ಯಾಕೋ ನಿಲ್ಲಿಸ್ದೆ?" ಎಂದರು ಅತ್ತೆ, ಚೀಲ ಹಿಡಿದುಕೊಂಡೇ.

"ಯಾಕೆ ಅಂದ್ರೆ... ಯಾವಾಗ್ಲೂ ನಿಲ್ಲಿಸ್ತೀವಲ್ಲಮ್ಮ."

ಅವಳು ಕಾಲು ಒಳಗೆಳೆದು ಬಾಗಿಲು ಹಾಕಿಕೊಂಡಳು. "ಹೊರಡಿ."

ಅವನು ಬ್ರೇಕ್ ಬಿಟ್ಟು ಕಾಲೊತ್ತಿದ. ಸದ್ದು ಆಕಾಶಕ್ಕೇರಿತು, ಕಾರು ಒಂದು ಮಾರು ಹಿಂದಕ್ಕೆ ಜಾರಿತು. ಇನ್ನೊಮ್ಮೆ ಒತ್ತಿದ, ಸುಟ್ಟ ವಾಸನೆ ಬಂತು. ಮೂರನೆಯ ಸಲಕ್ಕೆ ಎಂಜಿನ್ನು ಕೆಮ್ಮಿ ಆರಿಹೋಯಿತು.

"ಇವತ್ತೊಂದು ದಿನ ಇಳಿದುಬಿಡೇ," ಎಂದ ಗಂಡ ಕನ್ನಡಿಯಲ್ಲಿ ನೋಡುತ್ತ. "ಮುಂದಿನ ವಾರದಿಂದ ನಿಲ್ಲಿಸೋದೇ ಇಲ್ಲ."

"ಇಳಿಯಲ್ಲ."

"ಏನಂದೆ?"

"ಮೂಟೆ ಇಳೀತಾ? ನಾನೂ ಮೂಟೆ ಅಂದ್ಕೊಳ್ಳಿ."

ಹಿಂದೆ ಒಂದು ಟೆಂಪೊ ಹಾರ್ನ್ ಹೊಡೆಯಿತು. ಯಾರೂ ಕೇಳುವ ಮೊದಲೇ ಅತ್ತೆಯ ಕೈ ಮಂಡಿಯ ಮೇಲೆ ಹೋಯಿತು. ಮೈದುನ ಕತ್ತು ಓರೆ ಮಾಡಿ, ಆರಿಹೋದ ಎಂಜಿನ್ನಿನ ಸದ್ದನ್ನು ಗಮನವಿಟ್ಟು ಕೇಳತೊಡಗಿದ.

"ಹಾಗಾದ್ರೆ ನಾನೇ ಇಳೀತೀನಿ! ಯಾರು ಓಡಿಸ್ತೀರೋ ಓಡಿಸ್ಕೊಳ್ಳಿ!" ಗಂಡ ಇಳಿದು ಬಾಗಿಲು ಬಡಿದ. ಯಾರಾದರೂ ಬೇಡವೆನ್ನಲಿ ಎಂದು ಅಲ್ಲೇ ತುಸು ನಿಂತ. ತೊಂಬತ್ತು ಕೆಜಿಯ ಮೈದುನ ಬೆಕ್ಕಿನಂತೆ ಮುಂದೆ ಬಂದು ಸ್ಟೇರಿಂಗ್ ಹಿಡಿದ. ಅತ್ತೆ ಚೀಲವನ್ನು ಕಿಟಕಿಯಿಂದ ಹೊರಗೆ ದಾಟಿಸಿದರು. "ಹಿಡ್ಕೊ ಮಗನೇ."

ಕಾರು ಹತ್ತಿತು. ಅವಳು ದಣಿವಾರಿಸಿಕೊಳ್ಳಲು ನಿಲ್ಲುತ್ತಿದ್ದ ಕಟ್ಟೆ, ಬೊಗಳುವ ನಾಯಿಯ ಗೇಟು, ಬಣ್ಣ ಹೋದ ಕಾಂಪೌಂಡು, ಒಂದನ್ನೂ ಸರಿಯಾಗಿ ನೋಡುವಷ್ಟು ಹೊತ್ತಿರಲಿಲ್ಲ. ನಲವತ್ತು ಸೆಕೆಂಡಿಗೆ ಮನೆ ಬಂತು.

ಅತ್ತೆ ಇಳಿದು ಮೂರು ಮೆಟ್ಟಿಲು ಸಲೀಸಾಗಿ ಹತ್ತಿ ಒಳಗೆ ಹೋದರು. "ಇಳಿಯಲ್ವಾ ಅತ್ತಿಗೆ?" ಎಂದು ಮೈದುನ ಕೇಳಿದ್ದಕ್ಕೆ ಅವಳು ಗಾಜು ಏರಿಸಿಕೊಂಡಳು. ಅವನೂ ಹೋದ. ಅವಳು ಅಲ್ಲೇ ಕೂತಳು.

ಬಹಳ ಹೊತ್ತಿನ ಮೇಲೆ ರಸ್ತೆಯ ಅಂಚಿನಲ್ಲಿ ಒಂದು ತಲೆ ಕಂಡಿತು, ಆಮೇಲೆ ಬೆವರಿಗೆ ಅಂಟಿದ ಅಂಗಿ, ಕೊನೆಗೆ ಚೀಲ. ಗಂಡ ನೇರ ಕಾರಿನ ಬಳಿಗೇ ಬಂದ. ಚೀಲವನ್ನು ನೆಲಕ್ಕಿಟ್ಟು, ಎರಡೂ ಕೈ ಬಾನೆಟ್ಟಿಗೆ ಊರಿ, ಗಾಜಿನಾಚೆಯಿಂದ ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ತೆರೆದ ಬಾಯಲ್ಲೇ ಅವನು ಗಾಳಿ ಎಳೆದುಕೊಳ್ಳುತ್ತ ನಿಂತ. ಆ ಸದ್ದು, ಗಾಜು ಏರಿಸಿದ್ದರೂ, ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.