ಹೂವಪ್ಪನನ್ನು ಕೇಳದೆ ಬರೆದದ್ದು

ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಪ್ರತಿಮಾಳ ಹೊಲಿಗೆ ಅಂಗಡಿ. ರವಿಕೆಗೆ ಅಳತೆ ಕೊಡಲು ಬರುವ ಹೆಂಗಸರು ಊರ ಸುದ್ದಿಯನ್ನೆಲ್ಲ ಅಲ್ಲೇ ಇಳಿಸಿ ಹೋಗುತ್ತಿದ್ದರು. ಅದರಲ್ಲಿ ಬರೆಯಬೇಕೆನಿಸಿದ್ದನ್ನು ಅವಳು ನಾಲ್ಕು ವರ್ಷದಿಂದ ‘ಪೇಟೆ ಸುತ್ತಮುತ್ತ’ ಎಂಬ ತನ್ನ ಬ್ಲಾಗಿನಲ್ಲಿ ಬರೆಯುತ್ತಿದ್ದಳು.

ಆ ಮಾರ್ಚಿನಲ್ಲಿ ಅವಳ ಕೇರಿಗೆ ಹೊಸ ನೀರಿನ ಟ್ಯಾಂಕ್ ಉದ್ಘಾಟನೆಯಾಯಿತು. ‘ಮನೆಮನೆಗೂ ನೀರು’ ಎಂದು ಪತ್ರಿಕೆಯಲ್ಲಿ ಬಂತು. ಬರೆದವನು ವಾಸಪ್ಪ, ಹೊಸನಗರದಲ್ಲಿ ಇಪ್ಪತ್ತಾರು ವರ್ಷದಿಂದ ಅದೇ ಪತ್ರಿಕೆಯ ವರದಿಗಾರ. ಪ್ರತಿಮಾಳ ಮನೆಯ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿತ್ತು. ಅವಳು ಆ ವರದಿಯನ್ನೂ ಒಣಗಿದ ನಲ್ಲಿಯ ಫೋಟೋವನ್ನೂ ಅಕ್ಕಪಕ್ಕ ಹಾಕಿ, ‘ಬರೆದವರು ನಮ್ಮ ಕೇರಿಗೆ ಬಂದು ಒಂದು ಲೋಟ ನೀರು ಕುಡಿದು ತೋರಿಸಲಿ’ ಎಂದು ಬ್ಲಾಗಿನಲ್ಲಿ ಬರೆದಳು.

ಮೂರನೇ ದಿನ ವಾಸಪ್ಪನೇ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಕೂರಿ ಅಂದರೂ ಕೂರಲಿಲ್ಲ.

“ಏನಮ್ಮಾ, ನನಗೇ ಪಾಠ ಹೇಳೋ ಹಂಗಾದ್ಯಾ?”

“ಪಾಠ ಅಲ್ಲ ಸರ್. ನೀರು ಬಂದಿಲ್ಲ. ಬಂತು ಅಂತ ನೀವು ಬರೆದ್ರಿ.”

“ಉದ್ಘಾಟನೆ ಆಯ್ತು, ಅದನ್ನ ಬರೆದೆ. ನಾನು ಬರೆದಿದ್ದನ್ನ ಪೇಪರ್ ಆಫೀಸಲ್ಲಿ ಇಬ್ರು ಕೂತು ತಿದ್ದುತಾರೆ. ಹೆಚ್ಚುಕಮ್ಮಿ ಆದ್ರೆ ನನ್ನ ಕೆಲಸ ಹೋಗತ್ತೆ. ನಿಂದನ್ನ ಯಾರು ತಿದ್ದುತಾರೆ? ಈ ಹೊಲಿಗೆ ಮಿಷಿನ್ನಾ?”

“ಓದೋರು ತಿದ್ದುತಾರೆ. ಕೆಳಗೇ ಬರೀತಾರೆ, ಎಲ್ರಿಗೂ ಕಾಣತ್ತೆ. ನಿಮ್ಮ ಪೇಪರಿಗೆ ಎರಡು ಪತ್ರ ಹಾಕಿದ್ದೆ ನಾನು. ಎಲ್ಲಿ ಹೋದ್ವು ಅವು?”

“ನಿನಗೆ ಸುದ್ದಿ ಬೇಡ ಕಣಮ್ಮಾ, ಚಪ್ಪಾಳೆ ಬೇಕು.”

“ನಿಮಗೆ ಬೇಕಾಗಿದ್ದು ಟ್ಯಾಂಕ್ ಕಟ್ಟಿಸಿದ ಕಂಟ್ರಾಕ್ಟರ್ ಕೊಡೋ ಜಾಹೀರಾತು.”

ವಾಸಪ್ಪನ ಮುಖ ಕಪ್ಪಿಟ್ಟಿತು. “ಒಂದು ದಿನ ಸಿಕ್ಕಿ ಬೀಳ್ತೀಯ, ನೋಡ್ತಿರು” ಎಂದು ಹೊರಟುಹೋದ.

ಆ ಸಿಟ್ಟು ಆರುವ ಮೊದಲೇ ಪ್ರತಿಮಾ ಮತ್ತೊಂದು ಬರಹ ಹಾಕಿದಳು. ಕೇರಿಯ ನೀರುಗಂಟಿ ಹೂವಪ್ಪ ವಾಲ್ವ್ ತಿರುಗಿಸಿ ನೀರನ್ನೆಲ್ಲ ಗುಡ್ಡದ ಮೇಲಿನ ಹೋಂಸ್ಟೇಗೆ ಬಿಡುತ್ತಾನೆ ಎಂದು ಮೂವರು ಹೆಂಗಸರು ಹೇಳಿದ್ದರು. ಮೂವರೂ ಹೇಳಿದ್ದು ಒಂದೇ ಮಾತು. ಅವಳು ಅವನ ಹೆಸರು ಹಾಕಿಯೇ ಬರೆದಳು. ಹೂವಪ್ಪನ ಮನೆ ಅವಳ ಮನೆಯಿಂದ ಐದು ನಿಮಿಷದ ದಾರಿ. ಅವನನ್ನು ಕೇಳಲು ಹೋಗಲಿಲ್ಲ.

ಬರಹ ವಾಟ್ಸ್ಆ್ಯಪ್‌ನಲ್ಲಿ ಓಡಿತು. ಸಾಗರ, ತೀರ್ಥಹಳ್ಳಿಯಿಂದಲೂ ಶಭಾಷ್ ಎಂದವರಿದ್ದರು. ಸಂತೆಯ ದಿನ ಇಬ್ಬರು ಹೂವಪ್ಪನ ಬೈಕ್ ಅಡ್ಡಗಟ್ಟಿ, “ನೀರು ಕದಿಯೋನೆ” ಎಂದು ತಲೆಯ ಮೇಲೆ ಕೊಡ ಕವುಚಿ ನೂಕಿದರು. ಕೆಳಗೆ ಬಿದ್ದವನ ಮುಂಗೈ ಮುರಿಯಿತು. ನಿಂತವರು ವಿಡಿಯೋ ಮಾಡಿಕೊಂಡರು.

ಮರುದಿನ ಹೂವಪ್ಪನ ಹೆಂಡತಿ ಮಾಸ್ತಮ್ಮ ಅಂಗಡಿಗೆ ಬಂದಳು. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ತಾನೇ ರಾಶಿಯಿಂದ ಎಳೆದುಕೊಂಡಳು.

“ನಮ್ಮನೆಗೆ ಬಂದು ಒಂದು ಮಾತು ಕೇಳೋಕೆ ನಿನ್ನ ಕಾಲಿಗೆ ಏನಾಗಿತ್ತೇ? ಅವ್ರು ರಾತ್ರಿಯೆಲ್ಲ ನರಳಿದ್ರು. ಅದನ್ನೂ ಬರಿ, ಹೋಗು.”

ಮಧ್ಯಾಹ್ನ ಪ್ರತಿಮಾ ಅಂಗಡಿ ಮುಚ್ಚಿ ಹೊಸನಗರದ ಬಸ್ ಹತ್ತಿದಳು. ಅವಳ ಬರಹದಲ್ಲಿ ತಪ್ಪು ಹುಡುಕಲೆಂದೇ ವಾಸಪ್ಪ ಎರಡು ದಿನ ಕೇರಿ ಸುತ್ತಿದ್ದು ಅವಳ ಕಿವಿಗೆ ಬಿದ್ದಿತ್ತು.

“ಬಂದ್ಯಾ?” ಎಂದು ವಾಸಪ್ಪ ತನ್ನ ಮನೆಯ ಜಗಲಿಯಲ್ಲಿ ಕೂತೇ ಕೇಳಿದ. “ಹೂವಪ್ಪ ಯಾವ ವಾಲ್ವೂ ತಿರುಗಿಸಿಲ್ಲ. ಅವನನ್ನ ಕೇಳ್ದೆ, ಇಂಜಿನಿಯರ್‌ನ ಕೇಳ್ದೆ, ಟ್ಯಾಂಕಿನ ಬುಡದಲ್ಲಿ ಅಗೆಸಿ ನೋಡ್ದೆ. ಪೈಪು ಟ್ಯಾಂಕಿಗೆ ಸೇರೇ ಇಲ್ಲ. ಹತ್ತು ಅಡಿ ಈಚೆಗೇ ಮುಚ್ಚಳ ಹಾಕಿ ಮಣ್ಣು ಎಳೆದಿದ್ದಾರೆ. ಹೋಂಸ್ಟೇಗೆ ಸ್ವಂತ ಬೋರ್‌ವೆಲ್ ಇದೆ. ಕೇಳಿದ್ಯಾ ನೀನು?”

“ಇಲ್ಲ.”

“ಕೇಳದೇ ಒಬ್ಬನ ಕೈ ಮುರಿಸಿದೆ.”

ಅವಳು ಕೇಳಿದಳು: “ಅಗೆಸಿ ನೋಡಿದ್ದು ಯಾವತ್ತು?”

“ಶುಕ್ರವಾರ.”

“ಹೂವಪ್ಪಣ್ಣಂಗೆ ಹೊಡೆದಿದ್ದು ಸೋಮವಾರ. ಶನಿವಾರನೂ ಭಾನುವಾರನೂ ಪೇಪರ್ ಬಂತಲ್ಲ, ಯಾಕೆ ಬರೀಲಿಲ್ಲ?”

ವಾಸಪ್ಪ ಕನ್ನಡಕ ತೆಗೆದು ಒರೆಸಿದ. “ಕಳಿಸಿದ್ದೆ. ಆಫೀಸಿನೋರು ಹಾಕ್ಲಿಲ್ಲ.”

“ಕಂಟ್ರಾಕ್ಟರ್ ಹೆಸರಿತ್ತು ಅಂತನಾ?”

“ಏಳು, ಹೊರಡು. ಕಡೇ ಬಸ್ ಹೋಗತ್ತೆ.” ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಬೆಳಿಗ್ಗೆ ಪ್ರತಿಮಾ ಹೂವಪ್ಪನ ಮನೆಗೆ ಹೋದಳು. ಅವನು ಅಂಗಳ ದಾಟಲು ಬಿಡಲಿಲ್ಲ. “ಪೈಪಿನ ಫೋಟೋ ಬೇಕಾದ್ರೆ ಹೋಗಿ ತಕ. ನನ್ನ ಫೋಟೋ ಹಾಕಿದ್ರೆ ಸುಮ್ನಿರಲ್ಲ” ಎಂದಷ್ಟೇ ಹೇಳಿದ. ಅವಳು ಹಾರೆ ಹಿಡಿದು ಒಬ್ಬಳೇ ಟ್ಯಾಂಕಿನ ಬುಡಕ್ಕೆ ಹೋದಳು. ವಾಸಪ್ಪ ಅಗೆಸಿ ಮುಚ್ಚಿದ್ದ ಮಣ್ಣು ಇನ್ನೂ ಸಡಿಲವಾಗಿತ್ತು. ಮೊಣಕಾಲಾಳದಲ್ಲಿ ನೀಲಿ ಪೈಪಿನ ತುದಿ ಸಿಕ್ಕಿತು. ಟೇಪು ಹಿಡಿದು ಅಳೆದು ಫೋಟೋ ತೆಗೆದಳು. ಇಂಜಿನಿಯರ್‌ಗೂ ಕಂಟ್ರಾಕ್ಟರ್‌ಗೂ ಫೋನ್ ಮಾಡಿ ಕೇಳಿದಳು. ಕಂಟ್ರಾಕ್ಟರ್ ಬೈದದ್ದನ್ನು ಬೈದ ಹಾಗೆಯೇ ಬರೆದುಕೊಂಡಳು.

ಹಳೆಯ ಬರಹವನ್ನು ಅಳಿಸಲಿಲ್ಲ. ಅದರ ನೆತ್ತಿಯ ಮೇಲೆ, ‘ಇದು ಸುಳ್ಳು. ಹೂವಪ್ಪನವರನ್ನು ಕೇಳದೆ ಬರೆದೆ. ಅವರ ಕೈ ಮುರಿಯಲು ನಾನು ಕಾರಣ’ ಎಂದು ದಪ್ಪಕ್ಷರದಲ್ಲಿ ಹಾಕಿ, ಕೆಳಗಿನ ಸಾಲುಗಳಿಗೆಲ್ಲ ಅಡ್ಡಗೀಟು ಎಳೆದು ಹಾಗೇ ಉಳಿಸಿದಳು. ಪೈಪಿನ ಕತೆಯನ್ನು ಬೇರೆಯಾಗಿ ಬರೆದಳು. ಮೊದಲಿನ ಸುಳ್ಳನ್ನು ಓದಿದವರಲ್ಲಿ ಕಾಲು ಭಾಗ ಜನವೂ ಇದನ್ನು ಓದಲಿಲ್ಲ. ಓದಿದವರಲ್ಲಿ ಕೆಲವರು ‘ಎಷ್ಟು ತಗೊಂಡೆ?’ ಎಂದು ಕೆಳಗೆ ಕೇಳಿದರು.

ಹತ್ತು ದಿನದಲ್ಲಿ ಪೈಪು ಟ್ಯಾಂಕಿಗೆ ಸೇರಿ ನೀರು ಬಂತು. ಪತ್ರಿಕೆಯಲ್ಲಿ ‘ನಮ್ಮ ವರದಿಯ ಫಲಶ್ರುತಿ’ ಎಂದು ಸುದ್ದಿ ಬಂತು. ಪ್ರತಿಮಾ ಆ ಪುಟ ಹಿಡಿದುಕೊಂಡೇ ವಾಸಪ್ಪನಿಗೆ ಫೋನ್ ಮಾಡಿದಳು.

“ಯಾವ ವರದಿ ಸರ್ ಇದು? ನಾಚಿಕೆ ಆಗಲ್ವಾ?”

“ನಾನು ಬರೆದಿದ್ದಲ್ಲ” ಎಂದು ಅವನು ಫೋನ್ ಇಟ್ಟ.

ಹೂವಪ್ಪ ಕೈಗೆ ಪಟ್ಟಿ ಕಟ್ಟಿಕೊಂಡೇ ನೀರು ಬಿಡಲು ಬರುತ್ತಿದ್ದ. ಅವಳು ಎದುರಾದರೆ ಮುಖ ತಿರುಗಿಸುತ್ತಿದ್ದ. ಅವಳೂ ಮೇಲೆ ಬಿದ್ದು ಮಾತಾಡಿಸಲಿಲ್ಲ.

ಮೇ ತಿಂಗಳಲ್ಲಿ ಅವಳು ಆಸ್ಪತ್ರೆಯ ಖಾಲಿ ಹುದ್ದೆಗಳ ಬಗ್ಗೆ ಬರೆದಳು. ಎಂಟು ಜನರನ್ನು ಕಂಡು ಮಾತಾಡಿಸಿ, ಅವರಲ್ಲಿ ಇಬ್ಬರಿಗೆ ಬರೆದದ್ದನ್ನು ಓದಿ ಹೇಳಿ, ಆಮೇಲೆ ಹಾಕಿದಳು. ಒಂದು ಗಂಟೆಯೊಳಗೆ ಕೆಳಗೆ ಒಂದು ಸಾಲು ಬಂತು: ‘ಎರಡನೇ ಪ್ಯಾರಾದಲ್ಲಿ ಇಸವಿ ತಪ್ಪು. — ವಾಸಪ್ಪ, ಹೊಸನಗರ.’

ಅವಳು ಆಸ್ಪತ್ರೆಯಿಂದ ತಂದಿದ್ದ ಕಾಗದ ತೆಗೆದು ನೋಡಿದಳು. ತಪ್ಪೇ ಇತ್ತು. ತಿದ್ದಿ, ಏನು ತಿದ್ದಿದ್ದೆಂದು ಕೆಳಗೆ ಬರೆದಳು. ಥ್ಯಾಂಕ್ಸ್ ಅನ್ನಲಿಲ್ಲ.