ಇವರು ಬಿದ್ದ ವರ್ಷ

ಫುಟ್‌ಬಾಲ್ ಲೀಗಿನ ಪಟ್ಟಿಯನ್ನು ಊರೆಲ್ಲ ಮೇಲಿನಿಂದ ಕೆಳಕ್ಕೆ ಓದಿದರೆ ದಾಕ್ಷಾಯಣಿ ಮಾತ್ರ ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದಳು. ಶನಿವಾರ ಸಂಜೆ ಐದಾಯಿತೆಂದರೆ ಸಾಕು, ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯ ಆ ಮನೆಯಲ್ಲಿ ಟಿವಿ ಹಚ್ಚಿ, ರಿಮೋಟಿನ ಗುಂಡಿ ಒತ್ತಿ ಸೀಫ್ಯಾಕ್ಸ್ ಎಂಬ ಅಕ್ಷರ-ಸುದ್ದಿಯ ಪುಟ ತೆರೆಯುತ್ತಿದ್ದಳು. ಕಪ್ಪು ಪರದೆಯ ಮೇಲೆ ಇಪ್ಪತ್ತನಾಲ್ಕು ತಂಡಗಳ ಹೆಸರು. ಅದರಲ್ಲಿ ಕಡೆಯ ಮೂರು ತಂಡಗಳು ಮೇ ತಿಂಗಳಲ್ಲಿ ಕೆಳಗಿನ ಲೀಗಿಗೆ ಇಳಿಯಬೇಕು, ಹಾಗಾಗಿ ಆ ಮೂರರ ಮೇಲೊಂದು ಗೆರೆ. ಗಂಡನ ಮೆಚ್ಚಿನ ತಂಡ ಬ್ರೂಮ್‌ಫೀಲ್ಡ್ ರೋವರ್ಸ್ ಗೆರೆಯ ಕೆಳಗಿದ್ದರೆ ಅವಳಿಗೆ ಅವತ್ತು ಊಟ ರುಚಿಸುತ್ತಿತ್ತು. ಮೇಲಿದ್ದರೆ ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು.

ಗಂಡನ ತಂಡ ಬೀಳಲಿ ಎಂದು ಕಾಯುವವಳು ಎಂಥ ಹೆಂಡತಿ ಎಂದು ಮೂಗು ಮುರಿಯುವ ಮೊದಲು ಅವಳ ಪಾಡನ್ನೂ ಸ್ವಲ್ಪ ಕೇಳಬೇಕು.

ಗಂಡ ಚಿದಾನಂದ ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ ೧೯೭೯ರಲ್ಲಿ ಈ ದೇಶಕ್ಕೆ ಬಂದವನು. ಐದು ವರ್ಷ ಇದ್ದು, ದೊಡ್ಡ ಪರೀಕ್ಷೆ ಕಟ್ಟಿ, ಕನ್ಸಲ್ಟೆಂಟ್ ಎನಿಸಿಕೊಂಡು ವಾಪಸ್ಸು ಹೋಗುವುದೆಂದು ಲೆಕ್ಕ ಹಾಕಿದ್ದ. ಪರೀಕ್ಷೆ ಕಟ್ಟಿದ, ಪಾಸೂ ಆದ, ಕನ್ಸಲ್ಟೆಂಟ್ ಮಾತ್ರ ಆಗಲಿಲ್ಲ. ಪ್ರತಿ ಸಂದರ್ಶನದಲ್ಲೂ ಅವನ ಮುಂದೆ ಇನ್ನೊಬ್ಬನಿರುತ್ತಿದ್ದ. ಕಡೆಗೆ ಸ್ಟಾಫ್ ಗ್ರೇಡ್ ಎಂಬ ಹುದ್ದೆ ಸಿಕ್ಕಿತು. ಮೇಲಕ್ಕೆ ಏರದೆ ಕೆಳಕ್ಕೂ ಇಳಿಯದೆ ನಡುವೆ ನಿಂತವರಿಗೆ ಆಸ್ಪತ್ರೆಯವರು ಇಟ್ಟ ಹೆಸರು ಅದು. ಇಪ್ಪತ್ತು ವರ್ಷದಿಂದ ಅವನು ಬೇರೆಯವರು ಕೊಯ್ಯುವ ರೋಗಿಗಳಿಗೆ ಅರಿವಳಿಕೆ ಕೊಡುತ್ತಿದ್ದ. ಊರಿನ ಮಾತೆತ್ತಿದರೆ 'ಮುಂದಿನ ವರ್ಷ ನೋಡೂಣು' ಎನ್ನುತ್ತಿದ್ದ. ಮುಂದಿನ ವರ್ಷಗಳು ಬಂದವು, ಹೋದವು. ಮಗಳು ಯಾಮಿನಿ ಬೆಳೆದು ಲೀಡ್ಸ್‌ನಲ್ಲಿ ಕೆಲಸಕ್ಕೂ ಸೇರಿದಳು.

ಅಂಥವನಿಗೆ ತಕ್ಕ ತಂಡವೇ ಸಿಕ್ಕಿತ್ತು. ರೋವರ್ಸ್ ಒಂದು ಕಪ್ ಗೆದ್ದದ್ದನ್ನು ಕಂಡವರು ಆ ಊರಿನಲ್ಲಿ ಯಾರೂ ಬದುಕಿರಲಿಲ್ಲ. ವರ್ಷವಿಡೀ ಒದೆ ತಿಂದು, ಏಪ್ರಿಲ್‌ನಲ್ಲಿ ಎದ್ದು, ಮೇ ತಿಂಗಳ ಕಡೆಯ ಪಂದ್ಯದಲ್ಲಿ ಕೂದಲೆಳೆಯಷ್ಟರಲ್ಲಿ ಪಾರಾಗುವುದು ಅದರ ಪದ್ಧತಿ. ಪಾರಾದ ದಿನ ಚಿದಾನಂದ ಕೊರಳಿಗೆ ಹಸಿರು-ಬಿಳಿ ಮಫ್ಲರ್ ಸುತ್ತಿಕೊಂಡು, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಮನೆಗೆ ಬರುತ್ತಿದ್ದ.

"ಉಳಿದ್ವಿ, ದಾಕ್ಷಾ! ಈ ವರ್ಷನೂ ಉಳಿದ್ವಿ!"

"ಇಪ್ಪತ್ತೊಂದನೇ ನಂಬರ್ ಬಂದವರು ಹಿಂಗ ಕುಣಿದ್ರ, ಮೊದಲನೇ ನಂಬರಿನವರು ಏನ ಮಾಡಬೇಕ್ರಿ? ಜಟ್ಟಿ ಕೆಳಗ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಅಂದಂಗಾತು."

"ಬಿದ್ದಿಲ್ಲಲ್ಲ, ಅದ ಮುಖ್ಯ. ಬೀಸೋ ದೊಣ್ಣಿ ತಪ್ಪಿದ್ರ ಸಾವಿರ ವರ್ಷ ಆಯುಷ್ಯ."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಈ ಮಾತಿಗೊಂದು ಗಂಟು ಬಿದ್ದದ್ದು ೧೯೯೮ರಲ್ಲಿ, ದಾಕ್ಷಾಯಣಿಯ ಅಕ್ಕ ಸಿದ್ದವ್ವ ಬಂದಾಗ.

ಸಿದ್ದವ್ವ ಧಾರವಾಡದಲ್ಲಿ ಶಾಲೆಯ ಟೀಚರು. ಮದುವೆಯಾಗಿರಲಿಲ್ಲ. ತಂಗಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಬೇಗ ಹೋದದ್ದರಿಂದ ದಾಕ್ಷಾಯಣಿಯ ಜಡೆ ಹಾಕಿದ್ದು, ಅಕ್ಷರ ತಿದ್ದಿಸಿದ್ದು, ಮದುವೆ ಮಾಡಿದ್ದು ಎಲ್ಲ ಅವಳೇ. ತಾನು ಕಟ್ಟಿಸಿದ ಮನೆಯ ಮೇಲೆ ತಂಗಿಗೆಂದು ಎರಡು ಖೋಲಿ ಹಾಕಿಸಿ, ಒಬ್ಬರಿಗೂ ಬಾಡಿಗೆಗೆ ಕೊಡದೆ ಕೀಲಿ ಹಾಕಿ ಇಟ್ಟಿದ್ದಳು. ಅವಳು ಬೇಸಿಗೆ ರಜೆಗೆ ಬರ್ಮಿಂಗ್‌ಹ್ಯಾಮಿಗೆ ಬಂದಾಗ ಚಿದಾನಂದ ಅವಳನ್ನು ರೋವರ್ಸಿನ ಕಡೆಯ ಪಂದ್ಯಕ್ಕೆ ಕರೆದುಕೊಂಡು ಹೋದ. ಆಕೆ ಸೀರೆಯ ಮೇಲೆ ಕೋಟು ತೊಟ್ಟು, ಕಂಬಳಿ ಹೊದ್ದು ಕುಳಿತು ಪಂದ್ಯ ಪೂರ್ತಿ ನೋಡಿದಳು. ತಂಡ ಉಳಿದದ್ದಕ್ಕೆ ಸುತ್ತ ಗಂಡಸರು ಅಳುತ್ತಿದ್ದುದನ್ನೂ ನೋಡಿದಳು. ಮನೆಗೆ ಬಂದವಳೇ ಕೇಳಿದಳು.

"ಇವರು ಬಿದ್ರ ಎಲ್ಲಿಗೆ ಹೋಗ್ತಾರ್ರಿ?"

"ಕೆಳಗಿನ ಲೀಗಿಗೆ, ಅಕ್ಕಾರ. ಸಣ್ಣ ಊರು, ಸಣ್ಣ ಮೈದಾನ."

"ಅಲ್ಲೂ ಆಟ ಆಡ್ತಾರಲ್ಲ?"

"ಆಡ್ತಾರ್ರಿ."

"ಮತ್ತ ಯಾಕ ಅಷ್ಟ ಅಂಜ್ತೀರಿ? ಹಿಂಗ ಮಾಡ್ರಿ. ಇವರು ಬಿದ್ದ ವರ್ಷ ನನ್ನ ತಂಗೀನ ಕರಕೊಂಡು ಊರಿಗೆ ಬಂದುಬಿಡ್ರಿ. ಮಾತ ಕೊಡ್ರಿ."

ಚಿದಾನಂದ ನಕ್ಕ. ಟೀಚರು ಕೈ ಚಾಚಿಕೊಂಡೇ ಕುಳಿತಿದ್ದಳು. ಅವನು ಆ ಕೈ ಮುಟ್ಟಿ, "ಆತ್ರಿ. ಇವರು ಬಿದ್ದ ವರ್ಷ ಗಂಟುಮೂಟಿ ಕಟ್ಟತೀವಿ" ಎಂದ. ಅವನ ಪಾಲಿಗೆ ಅದು ತಮಾಷೆ, ಅಕ್ಕತಂಗಿಯರ ಪಾಲಿಗೆ ಕರಾರು.

ಅಂದಿನಿಂದ ಪ್ರತಿ ಭಾನುವಾರ ದಾಕ್ಷಾಯಣಿ ಕಾಲಿಂಗ್ ಕಾರ್ಡಿನ ಉದ್ದನೆಯ ನಂಬರು ಒತ್ತಿ ಧಾರವಾಡಕ್ಕೆ ಫೋನು ಮಾಡಿದಾಗ ಅಕ್ಕನ ಮೊದಲ ಪ್ರಶ್ನೆ ಒಂದೇ: "ಎಷ್ಟನೇದಕ್ಕ ಬಂದಾರ?" ಇಪ್ಪತ್ಮೂರು ಎಂದರೆ ಅಕ್ಕನ ದನಿ ಹಗುರಾಗುತ್ತಿತ್ತು. ಊರಿಗೆ ಬಂದ ಮೇಲೆ ಸಂಜೆ ಕಟ್ಟೆಯ ಮೇಲೆ ಕೂತು ಹಸಿ ಕಡಲೆ ಸುಲಿಯೋಣ, ಮೇಲಿನ ಖೋಲಿಗೆ ಯಾವ ಬಣ್ಣದ ಪರದೆ ಹಾಕೋಣ ಎಂದು ಇಬ್ಬರೂ ಮಾತಾಡುತ್ತಿದ್ದರು. ಇಡೀ ಬರ್ಮಿಂಗ್‌ಹ್ಯಾಮಿನಲ್ಲಿ ದಾಕ್ಷಾಯಣಿಗೆ ಜನ ಇರಲಿಲ್ಲವೆಂದಲ್ಲ. ಕನ್ನಡದವರಿದ್ದರು, ಯುಗಾದಿಗೆ ಸೇರುತ್ತಿದ್ದರು, ಎಲ್ಲರೂ ಒಳ್ಳೆಯವರೇ. ಆದರೆ ಅವಳನ್ನು 'ಏ ದಾಕ್ಷೀ' ಎಂದು ಕರೆಯುವವರು ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು. ಆ ಕರೆ ಕೇಳಬೇಕೆಂಬ ಆಸೆ ಅವಳಿಗೆ ಹಸಿವೆಯ ಹಾಗೆ ದಿನಾ ಆಗುತ್ತಿತ್ತು.

೨೦೦೧ರಲ್ಲಿ ತಾಳ್ಮೆ ಕೆಟ್ಟು ಸಿದ್ದವ್ವ ಉಳವಿಯ ಚನ್ನಬಸವಣ್ಣನಿಗೆ ಹರಕೆ ಹೊತ್ತಳು. ರೋವರ್ಸ್ ಬಿದ್ದರೆ ಅಕ್ಕತಂಗಿಯರು ಕೂಡಿ ಬಂದು ದೀಪ ಹಚ್ಚುತ್ತೇವೆ ಎಂದು. ಆ ವರ್ಷ ರೋವರ್ಸ್ ಎರಡು ಗೋಲಿನಿಂದ ಪಾರಾಯಿತು. ಸಂಗತಿ ತಿಳಿದ ಚಿದಾನಂದ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಲ್ಲ, ಟೀಚರಾಗಿ ಅಷ್ಟೂ ತಿಳೀಲಿಲ್ಲೇನ? ಕಲ್ಯಾಣ ಬಿಟ್ಟು ಓಡಿ ಬಂದ ಶರಣರು ಅಲ್ಲಿ ಉಳಿದ್ರಂತ, ಅದಕ್ಕ ಉಳವಿ ಅಂತಾರ. ಉಳಸೋ ದೇವರ ಹತ್ತರ ಹೋಗಿ ಕೆಡವಪ್ಪಾ ಅಂದ್ರ? ಅದು ಅವನ ಡಿಪಾರ್ಟ್‌ಮೆಂಟ್ ಅಲ್ಲ!"

ಹರಕೆ ಹೊತ್ತದ್ದು ಹೊತ್ತಾಯಿತು, ಬದಲಿಸುವಂತಿಲ್ಲ. ರೋವರ್ಸ್ ಆ ಮೇಲೂ ಮೂರು ವರ್ಷ ಉಳಿಯಿತು.

೨೦೦೫ರ ವರ್ಷ ಬೇರೆಯಾಗಿತ್ತು. ಮೇ ತಿಂಗಳ ಒಂದು ಭಾನುವಾರ ನಡೆಯಬೇಕಿದ್ದ ಕಡೆಯ ಪಂದ್ಯಕ್ಕೆ ಮುಂಚೆ ರೋವರ್ಸ್ ಇಪ್ಪತ್ಮೂರನೆಯದಾಗಿತ್ತು. ತಾವು ಗೆಲ್ಲಬೇಕು, ಮೇಲಿನ ಎರಡು ತಂಡಗಳೂ ಸೋಲಬೇಕು. ಇಂಗ್ಲಿಷ್ ಪತ್ರಿಕೆಗಳು ಶ್ರಾದ್ಧದ ಊಟ ಬಡಿಸಿಬಿಟ್ಟಿದ್ದವು. ಪಂದ್ಯದ ಹಿಂದಿನ ಗುರುವಾರವೇ ಧಾರವಾಡದಿಂದ ದಿನೇಶನ ಫೋನು ಬಂತು. ದಿನೇಶ ಸಿದ್ದವ್ವನ ಹಳೆಯ ವಿದ್ಯಾರ್ಥಿ, ಈಗ ತಾನೇ ಮೊಮ್ಮಗನನ್ನು ಕಂಡವನು, ಅದೇ ಓಣಿಯವನು. ಟೀಚರ ಹೃದಯ ಸೋತಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದ.

ಚಿದಾನಂದ ಅಲ್ಲಿಯ ಡಾಕ್ಟರ ಜೊತೆ ಅರ್ಧ ಗಂಟೆ ಮಾತಾಡಿದ. ಫೋನು ಇಟ್ಟು, "ಸದ್ಯ ಸ್ಟೇಬಲ್ ಅದಾರ. ನಾಳೆ ವಿಮಾನಕ್ಕ ಸೀಟು ನೋಡತೀನಿ. ಡ್ಯೂಟಿ ರೋಟಾದಾಗ ಯಾರರೆ ನನ್ನ ಜಾಗಾದಾಗ ನಿಲ್ಲತಾರ" ಎಂದ.

ಆಗ ದಾಕ್ಷಾಯಣಿ ಒಂದು ಮಾತು ಹೇಳಿದಳು. "ಸೋಮವಾರ ಹೋಗೂಣ್ರಿ."

ಅವನು ಅವಳ ಮುಖ ನೋಡಿದ. ತನ್ನ ಕಡೆಯ ಪಂದ್ಯ ತಪ್ಪಬಾರದೆಂದು ಹೆಂಡತಿ ಇಂಥ ಹೊತ್ತಿನಲ್ಲೂ ಯೋಚಿಸಿದಳಲ್ಲ ಎಂದು ಅವನ ಕಣ್ಣು ತುಂಬಿ ಬಂತು. ಅವಳು ಯೋಚಿಸಿದ್ದು ಅದಲ್ಲ. ಶುಕ್ರವಾರ ಹೊರಟರೆ ಮೂರು ವಾರದ ರಜೆಯ ಮೇಲೆ ಹೋದ ಹಾಗೆ, ಅಕ್ಕನ ಮಂಚದ ಪಕ್ಕ ಕೂತು ಮತ್ತೆ 'ಹೋಗಿ ಬರ್ತೀನಿ' ಅನ್ನಬೇಕು. ಸೋಮವಾರ ಹೊರಟರೆ ರೋವರ್ಸ್ ಬಿದ್ದಿರುತ್ತದೆ. 'ಅಕ್ಕಾ, ಬಿದ್ರು, ನಾ ಬಂದೆ' ಎಂದು ಹೇಳಬಹುದು. ಏಳು ವರ್ಷ ಕಾದ ಆ ಒಂದು ಮಾತು ಕೈಯಲ್ಲಿ ಹಿಡಿದುಕೊಂಡು ಹೋಗುವ ಆಸೆಗೆ ಅವಳು ಮೂರು ದಿನ ಒತ್ತೆ ಇಟ್ಟಳು. ದೇವರ ಮುಂದೆ ನಿಂತರೆ ಏನು ಬೇಡುವುದೆಂದೇ ತಿಳಿಯದು. ಅಕ್ಕನನ್ನು ಉಳಿಸು, ಅವರನ್ನು ಬೀಳಿಸು. ಒಂದೇ ಬಾಯಿಂದ ಎರಡು ಮಾತು. ಯಾಮಿನಿ ಲೀಡ್ಸ್‌ನಿಂದ ಫೋನು ಮಾಡಿ, "ಮಮ್, ಜಸ್ಟ್ ಗೋ! ವಾಟ್ ಆರ್ ಯೂ ವೇಟಿಂಗ್ ಫಾರ್?" ಎಂದು ಗದರಿದಳು. ಅವಳಿಗೆ ಏನೆಂದು ಹೇಳುವುದು?

ಭಾನುವಾರ ಮಧ್ಯಾಹ್ನ ಚಿದಾನಂದ ಮೈದಾನಕ್ಕೆ ಹೋದ. ದಾಕ್ಷಾಯಣಿ ಬಾಗಿಲ ಬಳಿ ಎರಡು ಸೂಟ್‌ಕೇಸು ಕಟ್ಟಿಟ್ಟು ಟಿವಿಯ ಮುಂದೆ ಕುಳಿತಳು. ಅರ್ಧ ಪಂದ್ಯಕ್ಕೆ ರೋವರ್ಸ್ ಸೊನ್ನೆ, ಎದುರಾಳಿ ಒಂದು. ಎಪ್ಪತ್ತನೇ ನಿಮಿಷಕ್ಕೂ ಅಷ್ಟೇ. ಅವಳು ಎದ್ದು ಅಕ್ಕನಿಗೆಂದು ತೆಗೆದಿಟ್ಟ ಉಣ್ಣೆಯ ಶಾಲನ್ನು ಇನ್ನೊಮ್ಮೆ ಮಡಚಿ ಮೇಲೆ ಇಟ್ಟಳು. ತಿರುಗಿ ಬಂದಾಗ ಒಂದು-ಒಂದು. ಪರದೆಯ ಪುಟ ಮಿಟುಕಿತು. ಮೇಲಿನ ತಂಡವೊಂದು ಸೋಲುತ್ತಿತ್ತು, ಆಮೇಲೆ ಇನ್ನೊಂದೂ. "ಬ್ಯಾಡ, ಬ್ಯಾಡಪ್ಪಾ" ಎಂದು ಅವಳು ಟಿವಿಗೇ ಕೈ ಮುಗಿದಳು. ತೊಂಬತ್ತನೇ ನಿಮಿಷದಲ್ಲಿ ಪುಟ ಮತ್ತೆ ಮಿಟುಕಿ ಎರಡು-ಒಂದು ಎಂದು ತೋರಿಸಿತು. ರೋವರ್ಸ್ ಇಪ್ಪತ್ತೊಂದನೇ ಸ್ಥಾನದಲ್ಲಿ, ಗೆರೆಯ ಮೇಲೆ ನಿಂತಿತ್ತು.

ಅವಳು ಸೂಟ್‌ಕೇಸಿನ ಪಕ್ಕ ನೆಲದ ಮೇಲೆ ಕೂತು ಅತ್ತಳು. ಒಂದು ಚೆಂಡಿಗಾಗಿ ಅಕ್ಕನನ್ನು ಕಾಯಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡು ಅತ್ತಳು.

ನಾಲ್ಕರ ಹೊತ್ತಿಗೆ ಬಾಗಿಲು ತೆರೆಯಿತು. ಬೀದಿಯ ಕಾರುಗಳ ಹಾರ್ನು ಒಳಗೆ ನುಗ್ಗಿತು. ಹಿಂದೆಯೇ ಚಿದಾನಂದ, ಕಣ್ಣು ಕೆಂಪಾಗಿ, ದನಿ ಹೋಗಿ.

"ಉಳಿದ್ವಿ, ದಾಕ್ಷಾ..."

ನೆಲದ ಮೇಲೆ ಕೂತು ಅಳುತ್ತಿದ್ದ ಹೆಂಡತಿಯನ್ನು ಅವನು ಆಗ ಕಂಡ. "ಅಕ್ಕಾರಿಗೆ ಏನರೆ...?"

"ಅಕ್ಕಗ ಏನೂ ಆಗಿಲ್ಲ. ನಾ ಯಾಕ ಸೋಮವಾರ ಅಂದೆ ಗೊತ್ತೇನ್ರಿ ನಿಮಗ? ಇವರು ಬಿದ್ದ ಸುದ್ದಿ ತಗೊಂಡು ಹೋಗಬೇಕಂತ. ಮೂರು ದಿನ ಕಾಯಿಸಿದೆ. ಇಪ್ಪತ್ತಾರು ವರ್ಷ ಆತು. ನಾವೂ ಬೀಳಲಿಲ್ಲ, ಏಳಲಿಲ್ಲ. ಇದು ಗೆಲುವೇನ್ರಿ? ನಿಮಗ ಇದು ಗೆಲುವು ಅನಸ್ತೈತೇನ?"

ಅವನು ಸೂಟ್‌ಕೇಸಿನ ಮೇಲೆ ಕುಳಿತ.

"ಗೆಲುವಲ್ಲ, ದಾಕ್ಷಾ. ಬರೇ ಅಂಜಿಕಿ. ಹೋದ್ರ ಊರಾಗ, ಏನಾಗಿ ಬಂದ್ಯೋ ಚಿದಾನಂದ ಅಂತಾರ. ಏನ ಹೇಳಲಿ? ಇವರು ಉಳಿದಾಗೊಮ್ಮೆ ನನಗ ಇನ್ನೊಂದು ವರ್ಷ ಉತ್ತರ ಕೊಡೋದು ತಪ್ಪತಿತ್ತು. ಅದಕ್ಕ ಅಷ್ಟ ಕುಣೀತಿದ್ದೆ."

ಫೋನು ಬಡಿದುಕೊಂಡಿತು. ಇಬ್ಬರೂ ಅದನ್ನೇ ನೋಡಿದರು. ಕಡೆಗೆ ದಾಕ್ಷಾಯಣಿ ಎತ್ತಿದಳು. ದಿನೇಶ. "ಟೀಚರು ಕೇಳವಲ್ಲರು ರೀ, ಈಗ ಮಾತಾಡಬೇಕಂತ ಹಟ ಹಿಡದಾರ. ಎರಡ ನಿಮಿಷ ಅಂದಾರ ನರ್ಸು" ಎಂದು ತನ್ನ ಮೊಬೈಲನ್ನು ಸಿದ್ದವ್ವನ ಕಿವಿಗೆ ಹಿಡಿದ. ಮೊದಲು ಬರೀ ಉಸಿರು ಕೇಳಿಸಿತು.

"ಏ ದಾಕ್ಷೀ."

"ಅಕ್ಕಾ..."

"ಇವತ್ತ ಕಡೇ ಆಟ ಅಲ್ಲೇನ? ಏನಾತು? ಬಿದ್ರೇನ?"

ಸುಳ್ಳು ಹೇಳಿದರೆ ನಾಲಿಗೆಗೆ ಬರೆ ಎಂದು ಕಲಿಸಿದವಳೇ ಕೇಳುತ್ತಿದ್ದಳು. ದಾಕ್ಷಾಯಣಿ ಗಂಡನ ಕೊರಳಿನ ಹಸಿರು-ಬಿಳಿ ಮಫ್ಲರನ್ನು ನೋಡಿದಳು.

"ಬಿದ್ರು ಅಕ್ಕಾ."

"ಖರೇನ? ನಿನ್ನ ಮಾತು ನಂಬಂಗಿಲ್ಲ, ಡಾಕ್ಟ್ರಿಗೆ ಕೊಡು."

ದಾಕ್ಷಾಯಣಿ ಫೋನನ್ನು ಚಾಚಿದಳು. ಎಂಥ ಸೋಲಿನಲ್ಲೂ ತನ್ನ ತಂಡವನ್ನು ಒಂದು ಮಾತು ಅನ್ನದವನು ಚಿದಾನಂದ. ಅವನು ಫೋನು ತೆಗೆದುಕೊಂಡ. ಕೊರಳಿನ ಮಫ್ಲರನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

"ಹೌದ್ರಿ ಅಕ್ಕಾರ," ಎಂದ. "ಬಿದ್ವಿ."

"ಕೊಟ್ಟ ಮಾತು ನೆನಪೈತೇನ್ರಿ?"

"ಐತ್ರಿ. ಈ ಸಲ ರಜಾದ ಮ್ಯಾಲ ಅಲ್ಲ, ಗಂಟುಮೂಟಿ ಕಟ್ಟಿ ಬರಾಕತ್ತೀವಿ. ಮ್ಯಾಲಿನ ಖೋಲಿ ಕೀಲಿ ತಗಿಸಿ ಇಡ್ರಿ."

ಆ ಕಡೆ ಸಿದ್ದವ್ವ ನಕ್ಕಳು, ನಕ್ಕದ್ದು ಕೆಮ್ಮಾಯಿತು. "ನೋಡ್ರಿ ಮತ್ತ! ಉಳವಿ ದೇವರು ಬೀಳಸಂಗಿಲ್ಲ ಅಂತಿದ್ರಿ."

"ತಪ್ಪಾತ್ರಿ."

ಹೊರಗೆ ಇನ್ನೊಂದು ಕಾರು ಹಾರ್ನು ಒತ್ತಿಕೊಂಡೇ ಹಾದುಹೋಯಿತು. ಕಿಟಕಿಯಿಂದ ಯಾರೋ ಹಾಡುತ್ತಿದ್ದರು.

"ಅದೇನ್ರಿ ಅಷ್ಟ ಗದ್ದಲ? ಬಿದ್ದ ಮನ್ಯಾಗ ಹಂಗ್ಯಾಕ ಕುಣ್ಯಾಕತ್ತಾರ?"

ಚಿದಾನಂದ ಎದ್ದು ಹೋಗಿ ಕಿಟಕಿ ಮುಚ್ಚಿದ.

"ನಾವಲ್ರಿ. ಅವರು ಉಳಿದವರು."

"ಪಾಪ, ಉಳಿದವರರೆ ಖುಷಿಯಾಗಿರಲಿ ಬಿಡ್ರಿ," ಎಂದಳು ಸಿದ್ದವ್ವ. "ನೀವು ಲಗೂನ ಬರ್ರಿ."