ಮೊದಲ ಚಪ್ಪಾಳೆ

ನಮ್ಮ ಕಂಪನಿ ಮಾರುವುದು ಯಾರೂ ಖುಷಿಯಿಂದ ಕೊಳ್ಳುವ ಸಾಮಾನಲ್ಲ. ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳಲು ಬೇಕಾಗುವ ಮಂಚ, ವೀಲ್‌ಚೇರ್, ಆಕ್ಸಿಜನ್ ಯಂತ್ರ ಇಂಥವು. ಸರಸ್ವತಿಪುರಂನಲ್ಲಿ ಆಫೀಸು. ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಎಲ್ಲದಕ್ಕೂ ಗೊಣಗುವ ಕುಸುಮಕ್ಕ ಎಂದರೆ ನಾನೇ.

ವೆಬ್‌ಸೈಟಿನಲ್ಲಿ ಯಾರಾದರೂ ಆರ್ಡರ್ ಮಾಡಿದ ತಕ್ಷಣ ಆಫೀಸಿನ ಚಾಟ್ ಗುಂಪಿಗೆ ತಾನಾಗಿಯೇ ಸುದ್ದಿ ಬರುವ ಏರ್ಪಾಟನ್ನು ಮಾಡಿದವಳು ಗಗನ. ನಮ್ಮ ಕಂಪ್ಯೂಟರ್ ಕೆಲಸವೆಲ್ಲ ಅವಳದೇ. ಬರೀ ಆರ್ಡರ್ ನಂಬರ್ ಬಂದರೆ ಏನು ಮಜಾ, ಹೆಸರು, ಬಡಾವಣೆ ಎಲ್ಲ ಬರಲಿ ಎಂದ ಸೇಲ್ಸಿನ ಗುರುಕಿರಣ್. ಅದನ್ನೂ ಹಾಕಿದಳು. ಸುದ್ದಿ ಬಂದಾಗಲೆಲ್ಲ ಫೋನು ಟಿಣ್ ಅನ್ನುವ ಸದ್ದಿನ ಬಗ್ಗೆ ನನ್ನ ತಕರಾರಿತ್ತೇ ಹೊರತು ಬೇರೇನೂ ನನಗೂ ಹೊಳೆದಿರಲಿಲ್ಲ.

ಮೊದಮೊದಲು ಯಾರೂ ಅದರ ಕಡೆ ತಿರುಗಿಯೂ ನೋಡಲಿಲ್ಲ. ಬೆಳಗಾದರೆ ಬಂದು ಬೀಳುವ ಗುಡ್ ಮಾರ್ನಿಂಗ್‌ಗಳನ್ನು ಅಳಿಸುವುದರಲ್ಲೇ ನಮ್ಮವರು ಸುಸ್ತು. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಯಾರೂ ಕಣ್ಣೆತ್ತಿ ನೋಡದಿದ್ದರೆ ಯಾರಿಗಾದರೂ ಬೇಜಾರಾಗುತ್ತದೆ. ಗಗನ ಪ್ರತಿ ಸುದ್ದಿಯ ಕೆಳಗೂ ಚಪ್ಪಾಳೆಯ ಗುಂಡಿಯೊಂದನ್ನು ಇಟ್ಟಳು. ಮೊದಲು ಒತ್ತಿದವರ ಹೆಸರು ಅಲ್ಲೇ ಮೂಡುತ್ತದೆ. ವಾರದಲ್ಲಿ ಹೆಚ್ಚು ಸಲ ಮೊದಲಾದವರಿಗೆ ಶನಿವಾರ ಕಂಪನಿಯ ಖರ್ಚಿನಲ್ಲಿ ಮಸಾಲೆ ದೋಸೆ. ದೋಸೆ ಎಂದ ಮೇಲೆ ಕೇಳಬೇಕೇ? ಟಿಣ್ ಎಂದರೆ ಸಾಕು, ಎಲ್ಲರ ಬೆರಳೂ ಫೋನಿನ ಮೇಲೆ. ಓದುವ ವ್ಯವಧಾನ ಯಾರಿಗಿತ್ತು? ಗಿರಾಕಿಗಳ ಫೋನ್ ನೋಡಿಕೊಳ್ಳುವ ಅನು, ಗಗನಳ ಜೀವದ ಗೆಳತಿ, ಹೆಚ್ಚಿನ ವಾರ ಗೆಲ್ಲುತ್ತಿದ್ದವಳು ಅವಳೇ. ಗೆದ್ದ ದೋಸೆಯಲ್ಲಿ ಅರ್ಧ ಗಗನಳಿಗೆ ಕೊಡುತ್ತಿದ್ದಳು.

ಆ ದಿನಗಳಲ್ಲಿ ಅನುವಿನ ತಂದೆ ಸಣ್ಣಮಾದಯ್ಯ ಮೇಷ್ಟ್ರು ಆಸ್ಪತ್ರೆಯಲ್ಲಿದ್ದರು. ತಾಯಿ ಪುಟ್ಟಲಿಂಗಮ್ಮ ಅವರ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಅನು ಹಗಲೆಲ್ಲ ಆಫೀಸಿನಲ್ಲಿದ್ದು ಸಂಜೆ ಅಲ್ಲಿಗೆ ಓಡುತ್ತಿದ್ದಳು. ಅಪ್ಪ ಹುಷಾರಾಗಿ ಬರುತ್ತಾರೆ ಎಂದೇ ನಂಬಿದ್ದಳು.

ಒಂದು ಬುಧವಾರ ಊಟದ ಹೊತ್ತಿಗೆ ಮುಂಚೆ ಟಿಣ್ ಎಂದಿತು. ಯಾವುದೋ ಗಿರಾಕಿಗೆ ಸಮಾಧಾನ ಹೇಳುತ್ತಲೇ ಅನು ಹೆಬ್ಬೆರಳು ಒತ್ತಿದಳು. ಆಮೇಲೆ ಓದಿದಳು.

"ಹೊಸ ಸೇಲ್! ಸಣ್ಣಮಾದಯ್ಯ, ಲಕ್ಷ್ಮೀಪುರಂ. ರೋಗಿಯ ಮಂಚ, ಆಕ್ಸಿಜನ್ ಯಂತ್ರ. ಮೊದಲ ಚಪ್ಪಾಳೆ: ಅನು."

ಕೆಳಗೆ ಉಳಿದವರ ಚಪ್ಪಾಳೆಗಳು ಒಂದರ ಹಿಂದೊಂದು ಬೀಳುತ್ತಲೇ ಇದ್ದವು.

ಅವಳು ಸೋದರಮಾವ ಮಹದೇವಸ್ವಾಮಿಗೆ ಫೋನ್ ಮಾಡಿದಳು. ಮುಚ್ಚಿಡಲು ಅವರಿಗೂ ಆಗಲಿಲ್ಲ. ಇನ್ನು ನಮ್ಮ ಕೈಲೇನಿಲ್ಲ, ನಾಳೆ ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಬೆಳಿಗ್ಗೆ ಹೇಳಿದ್ದರು. ಇಂಥ ಮಾತನ್ನು ಮಗಳಿಗೆ ಫೋನಿನಲ್ಲಿ ಹೇಳುವುದು ಬೇಡ, ಸಂಜೆ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಹೇಳುತ್ತೇನೆ ಎಂದಿದ್ದರಂತೆ ಪುಟ್ಟಲಿಂಗಮ್ಮ. ಅನು ಕೆಲಸ ಮಾಡುವ ಕಡೆಯ ಸಾಮಾನೇ ಇರಲಿ ಎಂದು ಮಾವನ ಆಸೆ. ಆಫೀಸಿಗೆ ಬಂದರೆ ಯಾರಾದರೂ ಬಾಯಿ ಬಿಡುತ್ತಾರೆ, ಮೊಬೈಲಿನಲ್ಲಿ ಬುಕ್ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದರು, ಪಾಪ.

ಮಧ್ಯಾಹ್ನವೆಲ್ಲ ಅನು ಗೋಡೌನಿನಲ್ಲಿ, ಪ್ಲಾಸ್ಟಿಕ್ ಹಾಳೆ ಬಿಚ್ಚದ ಮಂಚವೊಂದರ ಮೇಲೆ ಕೂತು ಅತ್ತಳು. ಅಷ್ಟು ಅತ್ತವರನ್ನು ನಾನು ಕಂಡಿಲ್ಲ. ಗಗನ ಆ ಸುದ್ದಿಯನ್ನು ಗುಂಪಿನಿಂದ ಅಳಿಸಿ ಬಂದು ಅವಳ ಕಾಲ ಬಳಿ ನೆಲದ ಮೇಲೆ ಕೂತಳು. ಬೈದಿದ್ದರೆ ಗಗನಳಿಗೂ ಹಗುರಾಗುತ್ತಿತ್ತೇನೋ. ಅನು ಬೈಯಲಿಲ್ಲ.

"ಅಮ್ಮಂಗೆ ಇದು ಯಾವತ್ತೂ ಗೊತ್ತಾಗ್ಬಾರ್ದು ಕಣೆ," ಎಂದಳು. "ಅವರೇ ಹೇಳ್ಲಿ. ನಾನು ಈಗ್ತಾನೆ ಕೇಳ್ದಂಗೆ ಕೇಳಿಸ್ಕೊಳ್ತೀನಿ."

ಮಾವನಿಗೂ ಅದನ್ನೇ ಹೇಳಿ, ಮುಖ ತೊಳೆದುಕೊಂಡು ಆಟೋ ಹತ್ತಿದಳು.

ಮಾರನೆಯ ದಿನದಿಂದ ಹೆಸರೂ ಇಲ್ಲ, ಚಪ್ಪಾಳೆಯೂ ಇಲ್ಲ, ಬರೀ ಆರ್ಡರ್ ನಂಬರ್. ದೋಸೆಯ ಮಾತನ್ನು ಯಾರೂ ಎತ್ತಲಿಲ್ಲ. ಅಷ್ಟನ್ನು ತೆಗೆಯಲು ಗಗನಳಿಗೆ ಹೆಚ್ಚು ಹೊತ್ತೂ ಹಿಡಿದಿರಲಿಲ್ಲ. ಮೊದಲೇ ತೆಗೆಯಬಹುದಿತ್ತಲ್ಲಾ ಎಂಬ ಸಂಕಟ ಮಾತ್ರ ಅವಳನ್ನು ಬಿಡಲಿಲ್ಲ.

ಮೇಷ್ಟ್ರು ಹೆಚ್ಚು ದಿನ ಉಳಿಯಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ನಾನು, ಗಗನ ಲಕ್ಷ್ಮೀಪುರಂಗೆ ಹೋದೆವು. ಅನು ಕಾಫಿ ಮಾಡಲು ಒಳಗೆ ಹೋದಳು. ಪುಟ್ಟಲಿಂಗಮ್ಮ ಗಗನಳ ಕೈ ಹಿಡಿದುಕೊಂಡು ಮೆಲ್ಲಗೆ ಮಾತು ತೆಗೆದರು.

"ಇವಳ್ಗೆ ಅಪ್ಪ ಅಂದ್ರೆ ಜೀವ ಅನ್ಕೊಂಡಿದ್ದೆ ಕಣವ್ವ. ಅವತ್ತು ಕೈ ಹಿಡ್ಕೊಂಡು, ಇನ್ನು ಉಳಿಯಾಕಿಲ್ವಂತೆ ಮಗ ಅಂದೆ. ಹೂಂ ಅಂದ್ಬುಟ್ಲು. ಅಷ್ಟೇಯ. ಒಂದು ತೊಟ್ಟು ಕಣ್ಣೀರು ಬರ್ಲಿಲ್ಲ. ಅವಳ್ನ ತಬ್ಕೊಂಡು ಅತ್ಬುಡಾನ ಅಂತ ಬೆಳಗ್ಗಿಂದ ತಡ್ಕೊಂಡಿದ್ದೆ. ಅವಳೇ ಅಳ್ದಿದ್ ಮೇಲೆ ನಾನೆಂಗೆ ಅಳ್ಲಿ?"

ಗಗನ ಏನೋ ಹೇಳಲು ಬಾಯಿ ತೆರೆದಳು. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅನು ಬೇಡ ಎಂಬಂತೆ ತಲೆಯಾಡಿಸಿದಳು.

"ಅವಳು ಗಟ್ಟಿ ಕಣಮ್ಮ," ಎಂದಳು ಗಗನ.

"ಗಟ್ಟಿನೋ, ಕಲ್ಲೋ," ಎಂದರು ಪುಟ್ಟಲಿಂಗಮ್ಮ. ಅನು ಮುಂದೆ ಬಂದು ಅಮ್ಮನ ಕೈಗೆ ಲೋಟ ಕೊಟ್ಟಳು.